ಕಾಫಿ ತೊಟ್ಟಿಯ ಹೆಪ್ಪು

ನಮ್ಮ ಕಾಫಿ ಕಂಪನಿಯ ಮೂಡಿಗೆರೆ ಎಸ್ಟೇಟಿಗೆ ನಾನು ಮ್ಯಾನೇಜರ್. ಪ್ರತಿ ಸೋಮವಾರ 'ಜ್ಞಾನ ಹಂಚಿಕೆ ಸಭೆ' ಎಂಬುದೊಂದನ್ನು ಕಂಪನಿಯವರು ಶುರು ಮಾಡಿದಾಗ ನಾನದನ್ನು ಶ್ರಾದ್ಧದೂಟದ ಗಾಂಭೀರ್ಯದಿಂದಲೇ ಸ್ವೀಕರಿಸಿದೆ: ಹೋಗಿ ಕೂತು, ತಿಂದು, ಮಾತಾಡದೆ ಎದ್ದು ಬಂದೆ. ಒಬ್ಬರಿಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಾದರೆ ಕಂಪನಿಯಲ್ಲಿ ಹೊಸದು ಹುಟ್ಟುತ್ತದಂತೆ. ಹುಟ್ಟಲಿ. ಹೆರಿಗೆ ನನ್ನ ಮನೆಯಲ್ಲೇ ಯಾಕೆ?

ನನಗೆ ಗೊತ್ತಿದ್ದದ್ದು ಒಂದೇ ಒಂದು. ಸಿಪ್ಪೆ ತೆಗೆದ ಕಾಫಿಬೀಜದ ಲೋಳೆ ಬಿಡಬೇಕಾದರೆ ಅದು ತೊಟ್ಟಿಯಲ್ಲಿ ಹುಳಿ ಬರಬೇಕು. ಚಳಿಗೆ ಅದು ಬರುವುದಿಲ್ಲ. ಆಗ ನಾನು, ಹಾಲಿಗೆ ಹೆಪ್ಪು ಹಾಕಿದಂತೆ, ಹಿಂದಿನ ದಿನದ ಹುಳಿನೀರನ್ನು ಒಂದು ಬಕೆಟ್ ಸುರಿಯುತ್ತಿದ್ದೆ. ಕಂಪನಿಯ ಬೇರೆ ಎಸ್ಟೇಟಿನವರು ಚಳಿಗಾಲ ಪೂರ್ತಿ ಫೋನ್ ಮಾಡಿ, "ಇವತ್ತು ಬೀಜ ತೊಳೀಬಹುದಾ?" ಎಂದು ಕೇಳುತ್ತಿದ್ದರು. ನಾನು ಪಂಚಾಂಗ ನೋಡುವವನಂತೆ ಬೆರಳೆಣಿಸಿ, "ನಾಳೆ" ಎನ್ನುತ್ತಿದ್ದೆ. ಆ ಫೋನುಗಳೇ ನನ್ನ ಆಸ್ತಿ.

ಕಂಪನಿಯ ಆಲ್ದೂರು ಎಸ್ಟೇಟಿನ ಮ್ಯಾನೇಜರ್ ಇದಕ್ಕೆ ತದ್ವಿರುದ್ಧ. ತನ್ನ ಸೋಲುಗಳನ್ನೆಲ್ಲ ಸಭೆಯಲ್ಲಿ ಮದುವೆಮನೆಯ ಲಾಡುವಿನಂತೆ ಹಂಚುತ್ತಿದ್ದ. ಬದಲಿಗೆ ಎಲ್ಲರೂ ತಮ್ಮ ತಮ್ಮ ಉಪಾಯಗಳನ್ನು ಅವನಿಗೆ ಹೇಳುತ್ತಿದ್ದರು. ಒಬ್ಬರಿಂದ ಮುಚ್ಚಳದ ಡ್ರಮ್ಮು, ಇನ್ನೊಬ್ಬರಿಂದ ನೆರಳಲ್ಲಿ ಒಣಗಿಸುವ ಕ್ರಮ. ಎರಡನ್ನೂ ಕೂಡಿಸಿ ಇಡೀ ಹಣ್ಣನ್ನೇ ಡ್ರಮ್ಮಿನಲ್ಲಿ ಹುಳಿ ಬರಿಸಿದ. ಹಲಸಿನಹಣ್ಣಿನ ಘಮದ ಕಾಫಿ! ಕುಡಿದವರು ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ, ಕಾರಣ ಬೇರೆ.

ಚಳಿ ಜೋರಾದಾಗ ಅವನ ಡ್ರಮ್ಮುಗಳು ಮಲಗಿಬಿಟ್ಟವು. ಸಭೆಯಲ್ಲಿ ಎಲ್ಲರೆದುರೇ ಕೇಳಿದ: "ಮಾರಾಯ್ರೆ, ನಿಮ್ಮ ತೊಟ್ಟೀಲಿ ಚಳಿಗೂ ಹುಳಿ ಬರ್ತದಲ್ಲ, ಹೆಂಗೆ?"

"ಕೈಗುಣ," ಎಂದೆ.

"ಹಂಗಾದ್ರೆ ಆ ಕೈನೇ ಒಂದು ವಾರ ಕಳ್ಸಿಕೊಡಿ!"

ಸಭೆ ನಕ್ಕಿತು. ಅಷ್ಟರಲ್ಲಿ ಕಳಸದ ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ. "ನಮ್ಮನೇಲಿ ದೋಸೆಹಿಟ್ಟು ಹುಳಿ ಬರ್ದಿದ್ರೆ, ಹಳೇ ಹಿಟ್ಟು ಸ್ವಲ್ಪ..."

ನನ್ನ ಗುಟ್ಟು ಇನ್ನೊಬ್ಬನ ಬಾಯಲ್ಲಿ, ಅದೂ ದೋಸೆಯ ದಾರಿಯಲ್ಲಿ!

"ಹಿಂದಿನ ದಿನದ ಹುಳಿನೀರು, ಒಂದು ಬಕೆಟ್! ನಾನು ಯಾವಾಗಿಂದ್ಲೂ ಹಾಕ್ತಾ ಇದೀನಿ!" ಎಂದು ಕೂಗಿಯೇಬಿಟ್ಟೆ.

ಆ ವಾರವೇ ಆಲ್ದೂರಿನವನ ಡ್ರಮ್ಮುಗಳು ಎದ್ದವು, ನನ್ನ ಫೋನು ಮಲಗಿತು. ಮುಂದಿನ ಸಭೆಯಲ್ಲಿ ಅವನು ನನ್ನನ್ನು ಮನಸಾರೆ ಹೊಗಳಿದ. ಹೊಟ್ಟೆಯುರಿಗೆ ಅದಕ್ಕಿಂತ ಒಳ್ಳೆಯ ತುಪ್ಪ ಇಲ್ಲ. "ಇನ್ನೇನಿದೆ ಮಾರಾಯ್ರೆ, ನಿಮ್ಮ ಹತ್ರ?"

"ಇದೆ. ಆಮೇಲೆ ಹೇಳ್ತೀನಿ."

ಏನೂ ಇರಲಿಲ್ಲ. ಮರುದಿನ ಗೋಣಿಬೀಡಿನ ಅಂಗಡಿಗೆ ಹೋಗಿ ಮುಚ್ಚಳದ ಡ್ರಮ್ಮೊಂದನ್ನು ತಂದೆ. ಅದರಲ್ಲಿ ಏನು ಹೊಸದು ಮಾಡುವುದೆಂದು ಹೊಳೆದಿರಲಿಲ್ಲ. ಆಲ್ದೂರಿನದ್ದಕ್ಕಿಂತ ದೊಡ್ಡದಿತ್ತು, ಶುರು ಮಾಡಲು ಅಷ್ಟು ಸಾಕಾಯಿತು.