ಹಸಿರಾಕಿ, ಕಪ್ಪಾಕಿ

ಎಂಬತ್ತರ ದಶಕದ ಮೊದಲಲ್ಲಿ ನಾನು ಇಜೇರಿಯ ಗೌಡರ ಮನೆಗೆ ಸೊಸೆಯಾಗಿ ಬಂದಾಗ ನನ್ನ ಇತಿಹಾಸದ ಎಂ.ಎ. ಅರ್ಧಕ್ಕೇ ನಿಂತಿತ್ತು. ಮನೆಯಲ್ಲೇ ಓದಿ ಪರೀಕ್ಷೆಗೆ ಕೂಡಲು ನನ್ನವರು ಒಪ್ಪಿದರು. ಅತ್ತೆ ಆಗ ಯಾರೊಡನೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಇದ್ದೊಬ್ಬ ಮಗಳನ್ನು ಕರಜಗಿಗೆ ಕೊಟ್ಟಿದ್ದರು. ಅವಳ ಮದುವೆಯ ಊಟದ ಪಂಕ್ತಿಯಲ್ಲಿ ಬೀಗರ ಜೊತೆ ಮಾತಿಗೆ ಮಾತು ಬೆಳೆದು, ಎರಡು ವರ್ಷವಾದರೂ ಅವರು ಮಗಳನ್ನು ತವರಿಗೆ ಕಳಿಸಿರಲಿಲ್ಲ. ಕರೆಯದ ಮನೆಗೆ ಹೋಗುವುದು ಹೇಗೆಂದು ಅತ್ತೆಯೂ ಹೋಗಿರಲಿಲ್ಲ.

ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಒಂದು ದಿನ ಪಾಠದಲ್ಲಿ ಪ್ರಾಚೀನ ಗ್ರೀಕರ ಬೆಳೆಯ ದೇವಿ ಡಿಮೀಟರ್ ಬಂದಳು. ಅವಳಿಗೆ ಊರಿಗೊಂದು ಹೆಸರು. ಸಿಟೊ ಅಂದರೆ ಧಾನ್ಯದವಳು, ಕ್ಲೋಯಿ ಅಂದರೆ ಹಸಿರಾದವಳು, ಎರಿನಿಸ್ ಅಂದರೆ ಕೆರಳಿದವಳು, ಮೆಲೈನಾ ಅಂದರೆ ಕಪ್ಪಾದವಳು.

ಮೊರ ನಿಂತಿತು.

"ಕಪ್ಪ ಯಾಕಾದಳು?" ಎಂದರು ಅತ್ತೆ.

"ಮಗಳನ್ನ ಪಾತಾಳಕ್ಕ ಒಯ್ದ್ರಂತ್ರಿ. ಅದಕ್ಕ ಕರೀ ಸೀರಿ ಉಟ್ಕೊಂಡು ಗವಿಯಾಗ ಕುಂತಳಂತ. ಭೂಮಿ ಮ್ಯಾಲ ಒಂದು ಕಾಳೂ ಬೆಳೀಲಿಲ್ಲಂತ."

"ಕುಂತಾಕಿ ಕುಂತಽ ಬಿಟ್ಟಳೇನು?"

"ಇಲ್ರಿ. ಮುದುಕಿ ವೇಷದಾಗ ಹುಡುಕ್ಕೋತ ಊರೂರು ತಿರುಗಿದಳಂತ. ಒಂದೂರಾಗ ಬಾವಿ ಕಟ್ಟಿ ಮ್ಯಾಲ ಕುಂತಾಗ ಯಾರೋ ಹೆಸರು ಕೇಳಿದ್ರ, ತಾನು ದೇವಿ ಅಂತ ಹೇಳಲೇ ಇಲ್ಲ. ದೋಸೊ ಅಂತ ಸಾದಾ ಹೆಸರು ಹೇಳಿದಳಂತ."

ಅತ್ತೆ ಮತ್ತೆ ಮೊರ ಎತ್ತಿದರು. ಆದರೆ ಅಂದಿನಿಂದ ದಿನಾ ಮಧ್ಯಾಹ್ನ, "ಆಕಿ ಹೆಸರು ಹೇಳ ಬೇ" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಚಳಿಗಾಲದ ಹಿತವಾದ ಬಿಸಿಲು, ಕೇರುವ ಜೋಳದ ಸದ್ದು, ಆ ಹೆಸರುಗಳು ಎಲ್ಲ ಕಲೆತು ನನಗೆ ಮಂಪರು ಹತ್ತುತ್ತಿತ್ತು. ಅರೆನಿದ್ದೆಯಲ್ಲಿ ಎದೆಯೆತ್ತರದ ಜೋಳದ ನಡುವೆ ಒಬ್ಬ ಹೆಂಗಸು ತಲೆತುಂಬ ಸೆರಗು ಹೊದ್ದು ನಡೆಯುತ್ತಿದ್ದಳು. ಅವಳು ಗ್ರೀಸಿನವಳೋ ಇಜೇರಿಯವಳೋ ತಿಳಿಯುತ್ತಿರಲಿಲ್ಲ. ಅವಳು ಹಾದುಹೋದ ಮೇಲೂ ತೆನೆಗಳು ಬಹಳ ಹೊತ್ತು ತೂಗುತ್ತಿದ್ದವು.

ಒಂದು ಬೆಳಿಗ್ಗೆ ನಾನು ಎದ್ದು ನೋಡಿದರೆ ಅತ್ತೆ ಆಗಲೇ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿದ್ದರು.

"ನಡಿ, ಕರಜಗಿಗಿ ಹೋಗೂಣು," ಎಂದರು. "ಆಕಿ ದೇವಿ ಅನ್ನೂದು ಬಿಟ್ಟು ಹೋದಳು. ನಾ ಗೌಡ್ತಿ ಅನ್ನೂದು ಬಿಟ್ಟು ಹೋದ್ರ ಏನಾಗ್ತದ?"

ಜೇವರ್ಗಿ, ಗುಲಬರ್ಗಾ, ಅಫಜಲಪುರ ಎಂದು ಬಸ್ಸು ಬದಲಿಸುತ್ತ ಹೋದೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯಾಚೆ ನೋಡುತ್ತಲೇ ಇದ್ದರು. ಕರಜಗಿ ತಲುಪಿದಾಗ ಬೀಗಿತ್ತಿ ಕಟ್ಟೆಯ ಮೇಲೆ ಕುಳಿತಿದ್ದರು. ಅವರಿಗೆ ಕಣ್ಣು ಮಂಜಾಗಿತ್ತು.

"ಯಾರ್ರಿ?" ಎಂದರು.

"ನಿಮ್ಮ ಸೊಸಿ ಅವ್ವ ಬಂದೀನ್ರಿ," ಎಂದರು ಅತ್ತೆ.

ಬೀಗಿತ್ತಿ ಗೋಡೆ ಹಿಡಿದು ಎದ್ದು, "ಬಿಸಿಲಾಗ ಯಾಕ ನಿಂತೀರಿ, ಒಳಗ ಬರ್ರಿ," ಎಂದರು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ನಾದಿನಿ ಒದ್ದೆ ಕೈಯಲ್ಲೇ ಓಡಿ ಬಂದು ತಾಯಿಯ ಹೆಗಲಿಗೆ ಮುಖವಿಟ್ಟಳು. ಪಂಕ್ತಿಯ ಜಗಳವನ್ನು ಯಾರೂ ಎತ್ತಲಿಲ್ಲ. ಚಹಾ ಕುಡಿದ ಮೇಲೆ ಬೀಗಿತ್ತಿಯೇ, "ಕರಕೊಂಡು ಹೋಗ್ರಿ. ಸುಗ್ಗಿ ಮುಗಿಯೂತನ ಇರಲಿ," ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾದಿನಿ ತಾಯಿಯ ತೊಡೆಯ ಮೇಲೆ ನಿದ್ದೆಹೋದಳು. ಡಿಮೀಟರಳ ಮಗಳೂ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತಾಯಿಯ ಬಳಿ ಇರುತ್ತಿದ್ದಳೆಂದು ನಾನು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಅತ್ತೆ ಮಗಳ ಕೂದಲಲ್ಲಿ ಬೆರಳಾಡಿಸುತ್ತ, ಹೊರಗೆ ಕಾಳಿನಲ್ಲಿ ಹಾಲು ತುಂಬಿದ ಜೋಳವನ್ನು ನೋಡುತ್ತಿದ್ದರು.

ಪರೀಕ್ಷೆಯಲ್ಲಿ ಆ ದೇವಿಯ ಬಗ್ಗೆ ಪ್ರಶ್ನೆ ಬರಲೇ ಇಲ್ಲ. ನಾನು ಹೇಗೋ ಪಾಸಾದೆ. ನಾದಿನಿ ಮಾತ್ರ ಅಲ್ಲಿಂದ ಮುಂದೆ ಪ್ರತಿವರ್ಷ ಸುಗ್ಗಿಗೆ ಬಂದಳು.