ಅಪ್ಪನ ಡ್ಯೂಟಿ ಇನ್ನೆಷ್ಟು ದಿನ

ನನ್ನ ಮೊಬೈಲಿನಲ್ಲಿ ಯಾರಿಗೂ ತೋರಿಸದ ಒಂದು ಪುಟವಿದೆ. ಹಾಗೆಂದ ತಕ್ಷಣ ನೀವು ಏನೇನೋ ಊಹಿಸಿಕೊಳ್ಳಬೇಡಿ, ನಿರಾಸೆಯಾಗುವುದು ನಿಮಗೇ. ಅದು ದಿನ ಎಣಿಸುವ ಪುಟ. ಮುಂದೆ ಬರುವ ಒಂದು ತಾರೀಕು ಕೊಟ್ಟರೆ ಅಲ್ಲಿಗೆ ಇನ್ನೆಷ್ಟು ದಿನ, ಎಷ್ಟು ಗಂಟೆ, ಎಷ್ಟು ನಿಮಿಷ, ಎಷ್ಟು ಸೆಕೆಂಡು ಎಂದು ತೋರಿಸುತ್ತದೆ. ಲೆಕ್ಕ ತಪ್ಪುವುದಿಲ್ಲ, ಬೇಸರಿಸುವುದಿಲ್ಲ, ಯಾಕೆ ಎಂದು ಕೇಳುವುದಿಲ್ಲ. ಈ ಮೂರನೆಯ ಗುಣಕ್ಕಾಗಿಯೇ ನಾನು ಅದನ್ನು ಹಚ್ಚಿಕೊಂಡೆ.

ಏಕೆಂದರೆ ಕನಕಪುರದ ನಮ್ಮ ಮನೆಯಲ್ಲಿ "ಇಪ್ಪತ್ತನೇ ತಾರೀಕಿಗೆ ಇನ್ನೆಷ್ಟು ದಿನ ಇದೆ?" ಎಂದು ಸುಮ್ಮನೆ ಕೇಳುವಂತಿಲ್ಲ. "ಯಾಕವ್ವ, ಇಪ್ಪತ್ತಕ್ಕೆ ಏನೈತೆ?" ಎಂದು ಅಮ್ಮ ಅಡುಗೆಮನೆಯಿಂದಲೇ ಕೇಳುತ್ತಾಳೆ. ಉತ್ತರ ಹೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿರುತ್ತದೆ. ಹೇಳದಿದ್ದರೆ ಮಧ್ಯಾಹ್ನದೊಳಗೇ ಗೊತ್ತಾಗಿರುತ್ತದೆ, ಅದೂ ಬೇರೆಯದೇ ರೂಪದಲ್ಲಿ. ಹೀಗಾಗಿ ಪರೀಕ್ಷೆಯ ಫಲಿತಾಂಶ, ಹಲ್ಲಿನ ಡಾಕ್ಟರು, ಗೆಳತಿಯ ಮದುವೆ ಎಲ್ಲವನ್ನೂ ನಾನು ಆ ಪುಟಕ್ಕೇ ಒಪ್ಪಿಸಿದ್ದೇನೆ. ಅದು ಕೇಳುವುದು ಒಂದೇ: ಸಂದರ್ಭದ ಹೆಸರು. ಅಷ್ಟನ್ನೂ ಹೇಳಲು ಮನಸ್ಸಿಲ್ಲದೆ ಒಂದು ಸಲ ಬರೀ ಚುಕ್ಕಿ ಇಟ್ಟೆ. ಅದು ಬೇಜಾರು ಮಾಡಿಕೊಳ್ಳದೆ, ಚುಕ್ಕಿಗೆ ಇನ್ನು ಇಷ್ಟು ದಿನ ಎಂದು ಬಣ್ಣದ ಬಲೂನುಗಳ ನಡುವೆ ಘೋಷಿಸಿತು. ಅದು ಹಲ್ಲು ಕೀಳಿಸಿಕೊಳ್ಳುವ ದಿನವಾಗಿತ್ತು. ಅಂದಿನಿಂದ ಎಲ್ಲದಕ್ಕೂ ಚುಕ್ಕಿಯೇ.

ಆ ಪುಟದಲ್ಲಿ ನನಗೆ ಹಿಡಿಸದ್ದು ಸೆಕೆಂಡುಗಳು. ದಿನಗಳು ಮರ್ಯಾದಸ್ಥರಂತೆ ನಿಂತಿರುತ್ತವೆ. ಸೆಕೆಂಡುಗಳು ಮಾತ್ರ ಬಸ್ಸು ತಪ್ಪಿಹೋಗುತ್ತದೆ ಎನ್ನುವವರ ಹಾಗೆ ಓಡುತ್ತವೆ. ನೋಡುತ್ತ ಕೂತರೆ ಎದೆ ಹೊಡೆದುಕೊಳ್ಳತೊಡಗುತ್ತದೆ. ಅದಕ್ಕೇ ಅವುಗಳ ಮೇಲೆ ಹೆಬ್ಬೆರಳಿಟ್ಟು ಮಿಕ್ಕಿದ್ದನ್ನು ನೋಡುವುದು ನನ್ನ ಅಭ್ಯಾಸ.

ಇನ್ನೊಂದು ತಕರಾರಿದೆ. ಕೆಳಗಡೆ ಒಂದು ಸಣ್ಣ ಚೌಕವಿದ್ದು, ಮೊದಲ ದಿನವನ್ನೂ ಸೇರಿಸಿ ಎಣಿಸಬೇಕೇ ಎಂದು ಕೇಳುತ್ತದೆ. ಸಂಖ್ಯಾಶಾಸ್ತ್ರ ಓದಿದ ನನಗೆ ಇದು ಮನುಷ್ಯಕುಲದ ಬಹಳ ಹಳೆಯ ಜಗಳ ಎಂದು ಗೊತ್ತು. ನಮ್ಮ ಕಡೆ ಈ ಸೋಮವಾರದಿಂದ ಮುಂದಿನ ಸೋಮವಾರಕ್ಕೆ ಎಂಟು ದಿನ. ಯಂತ್ರದ ಪ್ರಕಾರ ಏಳು. ನಮ್ಮವರಿಗೆ ಹೊರಡುವ ಸೋಮವಾರವನ್ನೂ ಬಿಡಲು ಮನಸ್ಸಿಲ್ಲ, ತಲುಪುವ ಸೋಮವಾರವನ್ನೂ ಬಿಡಲು ಮನಸ್ಸಿಲ್ಲ. ಎರಡನ್ನೂ ಲೆಕ್ಕದೊಳಗೆ ಕೂರಿಸಿಕೊಳ್ಳುತ್ತಾರೆ. ನಾನು ವಿದ್ಯಾವಂತೆಯಾದ್ದರಿಂದ ಚೌಕವನ್ನು ಖಾಲಿ ಬಿಡುತ್ತಿದ್ದೆ.

ಅಮ್ಮನಿಗೆ ಈ ರಗಳೆಯೇ ಇಲ್ಲ. ಅವಳ ತೌರು ಸಾತನೂರು. ರೇಷ್ಮೆ ಸಾಕುವ ಮನೆ. ಅಲ್ಲಿ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿ ಮಲಗಿ, ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ಎದ್ದ ಮೇಲೆ ಗೂಡು. ಅವರ ಮನೆಯಲ್ಲಿ ನೆಂಟರನ್ನು ಕರೆಯುವುದು, ಸಂತೆಗೆ ಹೋಗುವುದು, ಮುನಿಸಿಕೊಳ್ಳುವುದು ಎಲ್ಲವೂ ಎರಡನೇ ಜ್ವರಕ್ಕೆ ಮುಂಚೆಯೋ ಆಮೇಲೋ ಎಂಬ ಲೆಕ್ಕದಲ್ಲೇ ನಡೆಯುತ್ತವೆ. ಹಾಗಾಗಿ ಅಪ್ಪ ನಿವೃತ್ತನಾಗುವುದು ಯಾವಾಗ ಎಂದು ಯಾರಾದರೂ ಕೇಳಿದರೆ ಅಮ್ಮನ ಉತ್ತರ ಒಂದೇ: "ಮಳೆ ಹಿಡಿಯೋ ಹೊತ್ಗೆ ಮನೇಲಿರ್ತಾರೆ." ನನಗೆ ಅದು ಸಾಲದು. ನನಗೆ ತಾರೀಕು ಬೇಕು.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಕನಕಪುರದಿಂದ ಸಾತನೂರಿಗೆ, ಅಲ್ಲಿಂದ ಹಿಂದಕ್ಕೆ, ಮತ್ತೆ ಮುಂದಕ್ಕೆ. ಚಿಕ್ಕಂದಿನಲ್ಲಿ ಅಜ್ಜಿಮನೆಗೆ ಹೋಗುವಾಗಲೆಲ್ಲ ನಾನು ಅವನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಗಾಡಿ ಓಡಿಸುವಾಗ ಅವನು ಮಾತಾಡುವವನಲ್ಲ. ಕತ್ತು, ಖಾಕಿ ಕಾಲರು, ಕನ್ನಡಿಯಲ್ಲಿ ಕಾಣುವ ಅರ್ಧ ಹಣೆ, ಇಷ್ಟೇ ಅಪ್ಪ. ದೊಡ್ಡವಳಾದ ಮೇಲೆ ನನ್ನ ದಾರಿ ರಾಮನಗರದ ಕಡೆ ತಿರುಗಿತು. ಅಲ್ಲಿನ ಒಂದು ಕಚೇರಿಯಲ್ಲಿ ತಿಂಗಳ ವರದಿಗಳ ಅಂಕಿಗಳನ್ನು ಸರಿನೋಡುವುದು ನನ್ನ ಕೆಲಸ. ಹೀಗಾಗಿ ಅಪ್ಪನ ಬಸ್ಸು ಹತ್ತಿ ವರ್ಷಗಳೇ ಆಗಿದ್ದವು. ಅವನ ಕೊನೆಯ ಟ್ರಿಪ್ಪಿನಲ್ಲಿ ಆ ಸೀಟಿನಲ್ಲಿ ಕೂರಬೇಕೆಂದು ನಾನು ನಿಶ್ಚಯಿಸಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅಮ್ಮ ಚಿತ್ರಾನ್ನ ಕಟ್ಟಿಕೊಂಡು, ಬೀದಿಯವರನ್ನೂ ಕಟ್ಟಿಕೊಂಡು ಹೊರಡುತ್ತಿದ್ದಳು.

ಅಪ್ಪನ ದಾಖಲೆಯ ಹುಟ್ಟಿದ ದಿನ ಜೂನ್ ಒಂದು. ನಿಜವಾದದ್ದು ಯಾರಿಗೂ ಗೊತ್ತಿಲ್ಲ. ಮಾಗಡಿ ಕಡೆಯ ಕಲ್ಯದಲ್ಲಿರುವ ಅವನ ತಾಯಿಯನ್ನು ಕೇಳಿದರೆ, "ರಾಗಿ ಕುಯ್ದು ಮೆದೆ ಹಾಕಿದ್ರು, ಆವಾಗ ಹುಟ್ಟಿದ್ದು" ಎನ್ನುತ್ತಾಳೆ. ಅಲ್ಲಿಗೆ ಚಳಿಗಾಲವಾಯಿತು. ಆದರೆ ಶಾಲೆಗೆ ಸೇರಿಸುವ ದಿನ ವಯಸ್ಸು ಒಸಿ ಕಮ್ಮಿ ಬಿದ್ದದ್ದರಿಂದ ಮೇಷ್ಟ್ರು ಜೂನ್ ಒಂದು ಎಂದು ಬರೆದು ಒಳಗೆ ಕರೆದುಕೊಂಡರಂತೆ. ಅಂದು ಸಾಲಿನಲ್ಲಿ ನಿಂತಿದ್ದ ಮಕ್ಕಳೆಲ್ಲ ಜೂನ್ ಒಂದರಂದೇ ಹುಟ್ಟಿದರು. ಒಂದೇ ದಿನ ಅಷ್ಟು ಹೆರಿಗೆಯಾದ ಊರು ಭೂಮಿಯ ಮೇಲೆ ಇನ್ನೊಂದಿರಲಾರದು, ನಮ್ಮ ಸುತ್ತಮುತ್ತಲಿನ ಎಲ್ಲ ಊರುಗಳನ್ನು ಬಿಟ್ಟರೆ.

ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ ಎಂಬ ನಿಯಮ ನನಗೆ ಗೊತ್ತಿತ್ತು. ಜೂನ್ ಮೂವತ್ತು ಎಂದು ಪುಟಕ್ಕೆ ಕೊಟ್ಟೆ. ಡ್ಯೂಟಿ ಇಳಿಯುವ ಸಂಜೆಯ ಹೊತ್ತನ್ನೂ ಕೊಟ್ಟೆ. ಹೆಸರಿನ ಜಾಗದಲ್ಲಿ ಮೊದಲ ಸಲ ಚುಕ್ಕಿಯ ಬದಲು 'ಅಪ್ಪ' ಎಂದು ಬರೆದೆ. ಆ ತಾರೀಕಿಗೆ ಕಚೇರಿಯಲ್ಲಿ ರಜೆಯನ್ನೂ ಮುಂಚೆಯೇ ಕೇಳಿಟ್ಟೆ.

ಒಂದು ಭಾನುವಾರ ಯಾವುದೋ ವಿಡಿಯೋ ನೋಡಲು ಮೊಬೈಲು ತೆಗೆದುಕೊಂಡ ಅಪ್ಪ ಅದನ್ನು ನೋಡಿಬಿಟ್ಟ.

"ಇದೇನವ್ವ, ನನ್ನೆಸ್ರು ಬರ್ದು ಏನೋ ಓಡ್ತಾ ಐತೆ?"

"ನಿನ್ನ ರಿಟೈರ್‌ಮೆಂಟಿಗೆ ಎಷ್ಟು ದಿನ ಇದೆ ಅಂತ, ಅಪ್ಪ."

ಅವನು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದ. "ಸರಿಯಾಗಿ ಎಣಿಸ್ತದಾ?"

"ಕೊಟ್ಟ ತಾರೀಕಿಗೆ ಸರಿಯಾಗಿ ಎಣಿಸುತ್ತೆ."

"ಹಂಗಾದ್ರೆ ಇರ್ಲಿ ಬುಡು" ಎಂದು ಮೊಬೈಲು ಹಿಂದಕ್ಕೆ ಕೊಟ್ಟ. ಅಂದಿನಿಂದ ಊಟಕ್ಕೆ ಕೂತಾಗ ಆಗಾಗ "ಎಷ್ಟು ತೋರಿಸ್ತೈತೆ ನಿಂದು?" ಎಂದು ಕೇಳುವುದು ರೂಢಿಯಾಯಿತು. ನಾನು ಹೇಳುತ್ತಿದ್ದೆ. ಅವನು ತಲೆಯಾಡಿಸಿ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದ.

ಮೇ ತಿಂಗಳು ಮುಗಿಯಲು ಬಂದ ಒಂದು ಬೆಳಿಗ್ಗೆ ರಾಮನಗರದ ಬಸ್ಸಿನಲ್ಲಿ ಕೂತಿದ್ದೆ. ಕಂಡಕ್ಟರ್ ಜಯಕ್ಕ ಅಪ್ಪನ ಡಿಪೋದವಳು, ನನ್ನನ್ನು ಫ್ರಾಕು ಹಾಕುತ್ತಿದ್ದ ಕಾಲದಿಂದ ಬಲ್ಲವಳು. ಟಿಕೆಟು ಹರಿಯುತ್ತ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಏನ್ ಪುಟ್ಟಿ, ನಾಳಿದ್ದು ನಿಮ್ಮಪ್ಪಂದು ಲಾಸ್ಟ್ ಡ್ಯೂಟಿ, ನೀನು ನೋಡುದ್ರೆ ಏನೂ ಆಗ್ದಿರೋಳಂಗೆ ಆಫೀಸಿಗೆ ಹೊಂಟಿದ್ದೀಯ?"

"ಇಲ್ಲ ಜಯಕ್ಕ, ಇನ್ನೂ ಒಂದು ತಿಂಗಳಿದೆ. ಜೂನ್ ಮೂವತ್ತಕ್ಕೆ."

"ಯಾರ್ ಹೇಳಿದ್ದು?"

"ಲೆಕ್ಕ ಹಾಕಿದ್ದೀನಿ."

"ನೀನು ಲೆಕ್ಕ ಹಾಕ್ಕಂಡು ಕುಂತಿರು. ನಾವು ಹಾರಕ್ಕೆ ಹೇಳಾಯ್ತು!"

ನಾನು ಮೊಬೈಲು ತೆಗೆದು ತೋರಿಸಿದೆ. ಜಯಕ್ಕ ಬಗ್ಗಿ ನೋಡಿದಳು. "ಚೆನ್ನಾಗೈತೆ. ಓಡ್ತಾನೂ ಐತೆ. ಆದ್ರೆ ಬೇರೆ ರೂಟಲ್ಲಿ ಓಡ್ತೈತೆ."

ಹಿಂದಿನ ಸೀಟಿನಿಂದ ನಿವೃತ್ತ ಮೇಷ್ಟ್ರೊಬ್ಬರು ಕತ್ತು ಚಾಚಿದರು. "ಹುಟ್ಟಿದ್ದು ಎಷ್ಟನೇ ತಾರೀಕಮ್ಮ?"

"ಜೂನ್ ಒಂದು, ಸಾರ್."

"ಅಯ್ಯೋ, ಮುಗೀತು. ಒಂದನೇ ತಾರೀಕ್ನೋರ್ಗೆ ಹುಟ್ಟಿದ ತಿಂಗಳು ಸಿಕ್ಕಲ್ಲ ಕಣಮ್ಮ. ಹುಟ್ಟಿದ ದಿನಾನೂ ಸೇರಿಸ್ಕೊಂಡು ಎಣಿಸ್ತಾರೆ, ಹಿಂದಿನ ದಿನಕ್ಕೇ ಅರವತ್ತು ತುಂಬೋಯ್ತದೆ. ಮೇ ಮೂವತ್ತೊಂದಕ್ಕೇ ಮನೆಗೆ. ನನ್ನೂ ಹಂಗೇ ಕಳಿಸಿದ್ರು."

"ನಂದೂ ಜೂನ್ ಒಂದೇ" ಎಂದ ಕಿಟಕಿ ಪಕ್ಕದವನು.

"ನಂದೂವೆ" ಎಂದ ಅವನ ಜೊತೆಯವನು.

"ಲೇ, ನಿಂದು ಮಾರ್ಚಿ ಅಲ್ವೇನ್ಲಾ?"

"ಅದು ಆಧಾರ್‌ದು ಕಣ್ಲಾ. ಸ್ಕೂಲಿಂದು ಜೂನ್ ಒಂದು. ವೋಟಿಂದು ಇನ್ನೊಂದೈತೆ."

"ಹಂಗಾದ್ರೆ ವರ್ಷಕ್ಕೆ ಮೂರು ಸಲ ಕೇಕ್ ಕುಯ್ತೀಯ ಅನ್ನು!"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕಿರಬೇಕು. ಆದರೆ ನನ್ನ ಲೆಕ್ಕದಿಂದ ಒಂದು ಇಡೀ ತಿಂಗಳು ಜಾರಿ ಬಿದ್ದಿತ್ತು. ಅಪ್ಪನನ್ನು ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಜೂನ್ ಎರಡು ಎಂದು ಬರೆದಿದ್ದರೆ ಅಪ್ಪ ಇನ್ನೂ ಒಂದು ತಿಂಗಳು ಓಡಿಸುತ್ತಿದ್ದ. ಅಂತೂ ಸರ್ಕಾರವೂ ನಮ್ಮವರ ಹಾಗೆಯೇ ಎರಡು ಸೋಮವಾರಗಳನ್ನೂ ಬಿಡದೆ ಎಣಿಸುತ್ತದೆ. ಚೌಕವನ್ನು ಖಾಲಿ ಬಿಟ್ಟವಳು ನಾನೊಬ್ಬಳೇ.

ಅದಕ್ಕಿಂತ ದೊಡ್ಡ ತೊಂದರೆಯೆಂದರೆ ರಜೆ. ಮೇ ಮೂವತ್ತೊಂದು ತಿಂಗಳ ವರದಿ ಕಳಿಸುವ ದಿನ. ಅಂಥ ದಿನಕ್ಕೆ ಎರಡೇ ದಿನ ಮುಂಚೆ ರಜೆ ಕೇಳುವವರು ನಮ್ಮಲ್ಲಿಲ್ಲ. ಕೇಳಿದರೂ ನಾನು 'ಸ್ವಂತ ಕೆಲಸ' ಎಂಬ ಎರಡು ಪದಕ್ಕಿಂತ ಹೆಚ್ಚು ಹೇಳಿದವಳಲ್ಲ. ಸಾಹೇಬರ ಮುಂದೆ ಹೋಗಿ ನಿಂತೆ.

"ಏನಮ್ಮ ಅಂಥ ಸ್ವಂತ ಕೆಲಸ? ಅದೂ ಮೂವತ್ತೊಂದಕ್ಕೆ?"

ಎರಡು ಪದ ಸಾಲಲಿಲ್ಲ. "ನಮ್ಮಪ್ಪ ಬಸ್ ಡ್ರೈವರ್, ಸಾರ್. ಅವತ್ತು ಅವರ ಕೊನೇ ಟ್ರಿಪ್ಪು. ನಾನು ಆ ಬಸ್ಸಲ್ಲಿ ಕೂರಬೇಕು."

"ಕೂತು ಏನು ಮಾಡ್ತೀರಿ?"

"ಏನೂ ಇಲ್ಲ ಸಾರ್. ಕೂರಬೇಕು."

ಅವರು ಪೆನ್ನು ಕೆಳಗಿಟ್ಟರು. ಇಷ್ಟು ವರ್ಷದಲ್ಲಿ ನಾನು ಅವರೆದುರು ಇಷ್ಟುದ್ದ ಮಾತಾಡಿದ್ದೇ ಇಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆದಂತಿತ್ತು. "ವರದಿ ಮುಗಿಸಿ ಅರ್ಧ ದಿನಕ್ಕೆ ಹೊರಡಿ" ಎಂದರು.

ಆ ಎರಡು ದಿನ ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಅಪ್ಪನೂ ಬಿಡಲಿಲ್ಲ. ನಮ್ಮ ವಂಶದ ಮೌನದ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬಹುದು. ಆದರೆ ಬರೆದುಕೊಳ್ಳುವುದು ನಮ್ಮ ವಂಶದಲ್ಲಿಲ್ಲ.

ಮೂವತ್ತೊಂದರ ಮಧ್ಯಾಹ್ನ ರಾಮನಗರದಿಂದ ಓಡಿಬಂದು ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಸಾತನೂರಿನ ಬಸ್ಸು ಹತ್ತಿದಾಗ ಇಂಜಿನ್ನು ಆಗಲೇ ಗುರುಗುಡುತ್ತಿತ್ತು. ಡ್ರೈವರ್ ಹಿಂದಿನ ಸೀಟು ಖಾಲಿಯಿತ್ತು, ಅದರ ಮೇಲೆ ಜಯಕ್ಕನ ಚೀಲವಿತ್ತು. ಅಪ್ಪನ ಬಸ್ಸಿಗೇ ಡ್ಯೂಟಿ ಹಾಕಿಸಿಕೊಂಡಿದ್ದ ಅವಳು ಚೀಲವೆತ್ತಿ, "ಬತ್ತೀಯ ಅಂತ ಗೊತ್ತಿತ್ತು, ಕುಂತ್ಕೋ" ಎಂದು, ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟು ಕೈಗಿತ್ತಳು. "ನೋಡು, ನಿನ್ ಮೊಬೈಲಿಗಿಂತ ಮುಂಚೆ ನಂದೇ ಸೊನ್ನೆಗೆ ಬಂತು."

ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ. ಗೇರ್ ಹಾಕಿದ. ಕತ್ತಿನ ಮೇಲೆ ಕೂದಲು ಬೆಳ್ಳಗಾಗಿತ್ತು. ಖಾಕಿ ಕಾಲರು ಹಾಗೇ ಇತ್ತು. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳು, ಹಾಲಿನ ಕ್ಯಾನು ಇಟ್ಟುಕೊಂಡು ನಿಂತವರು, ಕೈ ಅಡ್ಡ ಹಾಕಿದರೆ ಎಲ್ಲಿ ಬೇಕಾದರೂ ನಿಲ್ಲುವ ಬಸ್ಸು. ಅಂದು ಯಾಕೋ ಅಪ್ಪ ಕೈ ಅಡ್ಡ ಹಾಕದವರಿಗೂ ನಿಧಾನ ಮಾಡುತ್ತಿದ್ದ.

ಸಾತನೂರಿನಲ್ಲಿ ಟೀ ಕುಡಿಯುವಾಗ ಕೇಳಿದೆ. "ಅಪ್ಪ, ಇವತ್ತೇ ಅಂತ ನಿಂಗೆ ಮುಂಚೆನೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನವ್ವ. ಆಫೀಸಿನೋರು ಹೇಳಿ ಎಷ್ಟು ತಿಂಗಳಾಯ್ತು."

"ಮತ್ತೆ ಅವತ್ತು ನನ್ನ ಲೆಕ್ಕ ತಪ್ಪು ಅಂತ ಹೇಳಬಾರದಾಗಿತ್ತಾ? ದಿನಾ ಎಷ್ಟು ತೋರಿಸ್ತೈತೆ ಅಂತ ಬೇರೆ ಕೇಳ್ತಿದ್ದೆ!"

ಅಪ್ಪ ಲೋಟದ ತಳದ ಟೀ ಚೆಲ್ಲಿ, ಲೋಟ ಇಟ್ಟ. "ಡಿಪೋದಾಗೆ ಎಲ್ರೂ ಕಮ್ಮಿ ಮಾಡ್ಕಂಡೇ ಹೇಳೋರು. ಇಷ್ಟೇ ಉಳಿದಿರೋದು, ಅಷ್ಟೇ ಉಳಿದಿರೋದು ಅಂತ. ನಿನ್ ಮೊಬೈಲಾಗೆ ಮಾತ್ರ ಇನ್ನೊಂದು ತಿಂಗಳು ಜಾಸ್ತಿ ಡ್ಯೂಟಿ ಇತ್ತು. ಕೇಳಕ್ಕೆ ಒಂಥರಾ ಚೆನ್ನಾಗಿರ್ತಿತ್ತು. ನಡಿ ನಡಿ, ಟೈಮಾಯ್ತು."

ಸಂಜೆ ಡಿಪೋದಲ್ಲಿ ಹಾರ ಹಾಕಿದರು, ಫೋಟೋ ತೆಗೆದರು, ಅಪ್ಪ ಗಾಡಿಯ ಕೀಲಿ ಕೊಟ್ಟು ನನ್ನ ಜೊತೆ ನಡೆದುಕೊಂಡೇ ಮನೆಗೆ ಬಂದ.

ಪುಟವನ್ನು ತಿದ್ದಲು ನನಗೆ ಮನಸ್ಸಾಗಲಿಲ್ಲ. ತಪ್ಪು ಅಂಕಿಯನ್ನು ಗೊತ್ತಿದ್ದೂ ಹಾಗೇ ಬಿಟ್ಟದ್ದು ಜೀವನದಲ್ಲಿ ಅದೇ ಮೊದಲು. ಜೂನ್ ಪೂರ್ತಿ ಅದು ಓಡಿತು. ಜೂನ್ ಪೂರ್ತಿ ಅಪ್ಪನೂ ಕತ್ತಲಿರುವಾಗಲೇ ಎದ್ದು, ಗಡ್ಡ ಹೆರೆದುಕೊಂಡು, ಜಗಲಿಯಲ್ಲಿ ಕೂತು, ಮೊದಲ ಬಸ್ಸಿನ ಸದ್ದು ಕೇಳಿ "ಎರಡು ನಿಮಿಷ ಲೇಟು" ಎನ್ನುತ್ತಿದ್ದ. ಊಟದ ಹೊತ್ತಿಗೆ "ಎಷ್ಟು ತೋರಿಸ್ತೈತೆ ನಿಂದು?" ಎಂಬುದೂ ನಿಲ್ಲಲಿಲ್ಲ. ಅಮ್ಮನ ಮಳೆಯೂ ಅಷ್ಟರಲ್ಲಿ ಹಿಡಿಯಿತು. ಅವಳ ತಾರೀಕು ಮೇ ತಿಂಗಳಿಗೂ ಹೊಂದುತ್ತಿತ್ತು, ಜೂನ್‌ಗೂ ಹೊಂದುತ್ತಿತ್ತು.

ಮೂವತ್ತರ ಸಂಜೆ ಮೂವರೂ ಮೊಬೈಲಿನ ಮುಂದೆ ಕೂತೆವು. ಸೊನ್ನೆಯಾಯಿತು. ಪರದೆಯ ತುಂಬ ಬಣ್ಣದ ಚೂರುಗಳು ಉದುರಿದವು. ಅಮ್ಮ "ಆಯ್ತಾ?" ಎಂದು ಎದ್ದು ಒಲೆ ಮೇಲಿನ ಹಾಲು ನೋಡಲು ಹೋದಳು. ಅಪ್ಪ ಮಾತ್ರ ಕನ್ನಡಕ ಸರಿಮಾಡಿಕೊಂಡು ಇನ್ನೂ ಹತ್ತಿರಕ್ಕೆ ಬಗ್ಗಿದ.

"ಇದೇನವ್ವ, ನಿಲ್ಲಲೇ ಇಲ್ವಲ್ಲ? ಇಷ್ಟು ದಿನ ಇಳೀತಿತ್ತು, ಈಗ ಏರ್ತಾ ಐತೆ!"

"ಮುಗಿದ ಮೇಲೆ, ಮುಗಿದು ಎಷ್ಟು ಹೊತ್ತಾಯ್ತು ಅಂತ ಎಣಿಸುತ್ತೆ ಅಪ್ಪ."

"ಓ, ಏರು ಬಂತು ಅನ್ನು" ಎಂದ. "ಹಂಗಾದ್ರೆ ಗೇರ್ ಬದಲಾಯ್ಸಬೇಕು."

ಮಾರನೆಯ ಬೆಳಿಗ್ಗೆ ಮೊದಲ ಬಸ್ಸು ಹೋಯಿತು. ಲೇಟಾಗಿತ್ತೋ ಸರಿಯಾಗಿತ್ತೋ ಹೇಳುವವರಿರಲಿಲ್ಲ. ನಾನು ಕಚೇರಿಗೆ ಹೊರಟಾಗ ಅಪ್ಪ ಮುಸುಕೆಳೆದುಕೊಂಡು ಇನ್ನೂ ನಿದ್ದೆ ಮಾಡುತ್ತಿದ್ದ. ಬಾಗಿಲಲ್ಲಿ ನಿಂತು ಪುಟ ತೆರೆದೆ. ಸೆಕೆಂಡುಗಳು ಎಂದಿನಂತೆ ಓಡುತ್ತಿದ್ದವು. ಈ ಸಲ ಅವುಗಳ ಮೇಲೆ ಹೆಬ್ಬೆರಳಿಡಲಿಲ್ಲ.