ಜುಲಿಯಾನಾ ಟೀಚರ ಮೇಲಿನ ಸೆಟ್ಟು

'ಟಕ್!'

ಎಪ್ಪತ್ತರ ದಶಕದಲ್ಲಿ ಕಾಪುವಿನ ನಮ್ಮ ಇಗರ್ಜಿಯಲ್ಲಿ, ಚರ್ಚಿನ ಹಾಡಿನ ಹೈ ನೋಟ್ ಮುಗಿಯುವ ಮೊದಲೇ ಈ ಸದ್ದು ಕೇಳುತ್ತಿತ್ತು. ಕಾಯರ್ ನಡೆಸುತ್ತಿದ್ದ ಜುಲಿಯಾನಾ ಟೀಚರ ಮೇಲಿನ ಹಲ್ಲಿನ ಸೆಟ್ಟು ಜಾರಿ ಕೆಳಗಿನದಕ್ಕೆ ಬಡಿಯುವ ಸದ್ದು. ನಾವು ಹುಡುಗಿಯರು ಹಾಡಿನ ಪುಸ್ತಕದ ಹಿಂದೆ ಮುಖ ಮುಚ್ಚಿ ನಕ್ಕರೆ, ಅವರು ನಾಲಿಗೆಯಿಂದಲೇ ಅದನ್ನು ಮೇಲಕ್ಕೆ ತಳ್ಳಿ, "ನಗಿ, ನಗಿ. ನನ್ನ ಹಲ್ಲಿಗೆ ನಿಮಗಿಂತ ಮೊದಲು ಆಮೆನ್ ಹೇಳುವ ಅವಸರ" ಎನ್ನುತ್ತಿದ್ದರು.

ಒಸಡಿನ ರೋಗ, ಪಯೋರಿಯಾ ಎಂದು ಇಪ್ಪತ್ತೈದನೇ ವಯಸ್ಸಿಗೇ ಹಲ್ಲೆಲ್ಲ ಕೀಳಿಸಿಕೊಂಡವರು. ಬರಿಬಾಯಿಯನ್ನು ಹೆತ್ತ ತಾಯಿಗೂ ತೋರಿಸಿರಲಿಲ್ಲವಂತೆ. ಮಲಗುವಾಗಲೂ ಸೆಟ್ಟು ತೆಗೆದವರಲ್ಲ. ಮೂವತ್ತು ವರ್ಷ ಹೀಗೆ ಒತ್ತಿ ಒತ್ತಿ ಮೇಲ್ದವಡೆಯ ಮೂಳೆ ಸಾಬೂನಿನ ಹಾಗೆ ಸವೆದಿತ್ತು; ಸೆಟ್ಟು ಜಾರುತ್ತಿದ್ದದ್ದು ಅದಕ್ಕೇ.

ಎಂಬತ್ತರ ನಂತರ ನಾನು ಉಡುಪಿಯ ಒಂದು ಡೆಂಟಲ್ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್ ಆದೆ. ನಾನೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು. ಬೊಂಬಾಯಿಯಿಂದ ಬರುತ್ತಿದ್ದ ಸರ್ಜನ್ ಎಕ್ಸ್‌ರೇ ಹಿಡಿದು, ಸರಸರನೆ ಇಂಗ್ಲಿಷಿನಲ್ಲಿ ಎರಡು ದಾರಿ ಹೇಳಿದರು. ಟೀಚರಿಗೆ ಬಿಡಿಸಿ ಹೇಳುವ ಕೆಲಸ ನನ್ನದು. ಒಂದು, ಸೊಂಟದ ಮೂಳೆಯ ತುಂಡು ತಂದು ದವಡೆಗೆ ಕೂರಿಸುವುದು. ಅದು ಬೆಸೆಯುವ ತನಕ ತಿಂಗಳುಗಟ್ಟಲೆ ಬರಿಬಾಯಿ. ಇನ್ನೊಂದು, ಒಸಡಿನ ಅಡಿಯಲ್ಲಿ, ಉಳಿದ ಮೂಳೆಯ ಮೇಲೆ ಲೋಹದ ಚೌಕಟ್ಟು ಇಟ್ಟು ಅದಕ್ಕೆ ಹಲ್ಲು ಸಿಕ್ಕಿಸುವುದು. ಬೇಗ ಆಗುತ್ತದೆ, ಆದರೆ ಕೀವಾದರೆ ಇದ್ದ ಮೂಳೆಯೂ ಹೋಗುತ್ತದೆ.

"ತಿಂಗಳುಗಟ್ಟಲೆ ಬರಿಬಾಯಿಯಾ? ಎಂತ ಮಾರಾಯ್ತಿ, ನಾನು ಕ್ಲಾಸಿಗೆ ಹೋಗುವುದು ಬೇಡವಾ? ಆ ಇನ್ನೊಂದರಲ್ಲಿ ಕ್ರಿಸ್ಮಸಿಗೆ ಹಾಡಬಹುದಾ?"

"ಹಾಡಬಹುದು, ಟೀಚರ್."

ಅವರ ಮುಖ ಅರಳಿತು. ಆ ಮುಖ ನೋಡಿ, ಇನ್ನೂ ಹೇಳದೆ ಉಳಿದಿದ್ದ ಕೀವಿನ ಮಾತನ್ನು ನಾನು ನುಂಗಿಬಿಟ್ಟೆ.

ಆ ಕ್ರಿಸ್ಮಸಿಗೆ ಒಂದೇ ಒಂದು 'ಟಕ್' ಇಲ್ಲದೆ ಹಾಡಿದರು. ಮಳೆಗಾಲಕ್ಕೆ ಒಸಡು ಬಾತು ಕೀವು ಬಂತು. ಚೌಕಟ್ಟು ತೆಗೆದರು, ಅದರ ಜೊತೆ ಮೂಳೆಯೂ ಹೋಯಿತು. ಮತ್ತೆ ಯಾವ ಸೆಟ್ಟೂ ಅಲ್ಲಿ ನಿಲ್ಲಲಿಲ್ಲ.

"ಹೀಗಾಗಬಹುದು ಅಂತ ಡಾಕ್ಟರ್ ಹೇಳಿದ್ದರು, ಟೀಚರ್. ನಾನೇ ನಿಮಗೆ ಹೇಳಲಿಲ್ಲ" ಎಂದು ಅವರ ಮನೆ ಜಗಲಿಯಲ್ಲಿ ಕುಳಿತು ಅತ್ತೆ. ಅವರು ಬಾಯಿಗೆ ಒತ್ತಿ ಹಿಡಿದ ಸೆರಗಿನ ಹಿಂದಿನಿಂದ ಮಾತು ಬಂತು. "ಹೇಳಬೇಕಿತ್ತು ನೀನು."



ಮದುವೆಯಾಗಿ ಊರು ಬಿಡುವ ಮೊದಲಿನ ಕ್ರಿಸ್ಮಸಿನಲ್ಲಿ ಅವರನ್ನು ಕೊನೆಯ ಬಾರಿ ನೋಡಿದೆ. ಹಿಂದಿನ ಬೆಂಚಿನಲ್ಲಿ ಬಾಯಿಗೆ ಸೆರಗು ಒತ್ತಿ ಕುಳಿತಿದ್ದರು. ಹೈ ನೋಟ್ ಬಂದಾಗ ತಿರುಗಿ ನೋಡಿದೆ. ಕಣ್ಣು ಮುಚ್ಚಿತ್ತು. ಸೆರಗು ಅಲುಗಲಿಲ್ಲ. ಅದರ ಕೆಳಗೆ ಗಂಟಲು ಮಾತ್ರ ಸದ್ದಿಲ್ಲದೆ ಆ ನೋಟಿನ ಜೊತೆ ಮೇಲೇರಿ, ನಾವೆಲ್ಲ ಉಸಿರು ಬಿಟ್ಟು ಹಾಡು ಮುಗಿಸಿದ ಮೇಲೂ, ಅಲ್ಲೇ ನಿಂತಿತ್ತು.